ಹಿತ್ತಲಿನ ಹಣ್ಣು ಯಾರ ಪಾಲು?

ಚೈತ್ರ ಮುಗಿದು ವೈಶಾಖ ಕಾಲಿಡುವ ಹೊತ್ತಿಗೆ ವಿಜಯಪುರ ಜಿಲ್ಲೆಯ ಬಯಲು ಕಾದ ಹಂಚಿನಂತಾಗುತ್ತದೆ. ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಜೋಳ, ಕಡಲೆಗಳ ಸುಗ್ಗಿ ಮುಗಿದ ಎರೆಹೊಲಗಳು ಬಿರುಕುಬಿಟ್ಟು ಬಾಯ್ದೆರೆದಿರುತ್ತವೆ. ಆ ದಿನಗಳಲ್ಲಿ ಕಣ್ಣಿಗೆ ಹಸಿರು ಕಾಣುವುದು ನೀರಾವರಿಯ ತೋಟಗಳಲ್ಲಿ, ಇಲ್ಲವೇ ಬಚ್ಚಲ ನೀರು ಹರಿಯುವ ಮನೆಗಳ ಹಿತ್ತಲುಗಳಲ್ಲಿ. ಮನುಷ್ಯನ ಕಣ್ಣಿಗೆ ಕಾಣುವ ಆ ಹಸಿರು ಹಕ್ಕಿಯ ಕಣ್ಣಿಗೂ ಅಳಿಲಿನ ಕಣ್ಣಿಗೂ ಕಂಡೇ ಕಾಣುತ್ತದೆ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣಾ ನದಿಯ ದಂಡೆಯ ಊರು. ಬಸವಣ್ಣನವರ ಧರ್ಮಪತ್ನಿ ನೀಲಾಂಬಿಕೆಯವರ ಐಕ್ಯಸ್ಥಳವೆಂದು ನಾಡು ಈ ಊರನ್ನು ಗೌರವಿಸುತ್ತದೆ. ಹೊಳೆಯ ಆಚೆಗೆ ಕೂಡಲಸಂಗಮ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಈ ಸೀಮೆಯವರೆಗೂ ಚಾಚಿಕೊಂಡಿದೆ. ಈ ಊರಿನಲ್ಲಿ ನಮ್ಮ ಹಿರಿಯರು ಬಿಟ್ಟುಹೋದ ಒಂದು ಹಿತ್ತಲಿದೆ. ಒಂದು ಮಾವು, ಒಂದು ಚಿಕ್ಕು, ಎರಡು ಲಿಂಬೆ, ಬೇಲಿಯಂಚಿನಲ್ಲಿ ಒಂದು ಹಳೆಯ ನೇರಳೆ ಮರ. ಬಾವಿಕಟ್ಟೆಯ ಮೇಲೆ ಹಬ್ಬಿಸಿದ ದ್ರಾಕ್ಷಿಯ ಚಪ್ಪರ. ಮಡಿಗಳಲ್ಲಿ ಬದನೆ, ಬೆಂಡೆ, ಚವಳಿ, ಸವತಿ, ಹೀರೆ, ಪುಂಡಿಪಲ್ಲೆ. ಮಾರುವಷ್ಟು ಬೆಳೆಯಲ್ಲ, ಮನೆಗೆ ಸಾಲುವಷ್ಟು. ಈ ಚಿಕ್ಕ ಹಿತ್ತಲು ಕಳೆದ ಬೇಸಿಗೆಯಲ್ಲಿ ನನಗೆ ಕಲಿಸಿದ ಒಂದು ಪಾಠವನ್ನು ಓದುಗರ ಮುಂದಿಡುವುದು ಈ ವಾರದ ಲೇಖನದ ಉದ್ದೇಶ.

ಒಂದು ಸಂಜೆಯ ಮರೆವು

ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂದಿತ್ತು. ಹಣ್ಣಿಗೆ ಬಣ್ಣ ತಿರುಗುತ್ತಿದ್ದಂತೆಯೇ ಪಿಕಳಾರಗಳು ಬರತೊಡಗಿದವು. ಬುಲ್‌ಬುಲ್ ಎಂದು ಕರೆಯುವ, ತಲೆಯ ಮೇಲೆ ಕಪ್ಪು ಜುಟ್ಟಿರುವ ಈ ಹಕ್ಕಿಗೆ ಮೆತ್ತನೆಯ ಹಣ್ಣೆಂದರೆ ಪ್ರಾಣ. ಒಂದು ಹಣ್ಣನ್ನೂ ಪೂರ್ತಿ ತಿನ್ನದೆ ಗೊಂಚಲಿನ ಹತ್ತು ಹಣ್ಣಿಗೆ ಕೊಕ್ಕು ತಾಗಿಸಿ ಹೋಗುವುದನ್ನು ಕಂಡು ನನಗೆ ಸಿಟ್ಟು ಬಂದಿತು. ಪೇಟೆಯಿಂದ ನೈಲಾನ್ ಬಲೆ ತಂದು ಚಪ್ಪರದ ಮೇಲೆ ಹೊದಿಸಿದೆ. ಕೊಲ್ಲುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಹಣ್ಣು ಉಳಿಯಲಿ, ಹಕ್ಕಿ ಬೇರೆಡೆಗೆ ಹೋಗಲಿ ಎಂಬುದಷ್ಟೇ ಲೆಕ್ಕ. ಬಲೆ ಕಟ್ಟಿದ ಮೇಲೆ ಅವ್ವ ಒಂದು ಮಾತು ಹೇಳಿದ್ದಳು: “ಬಲಿ ಹಾಕಿದಾಂವಾ ಹೊತ್ತಿಗೊಮ್ಮೆ ಹೋಗಿ ನೋಡಬೇಕಲ್ಲೋ ತಮ್ಮಾ.”

ಎರಡು ದಿನ ನೋಡಿದೆ. ಮೂರನೆಯ ದಿನ ಊರಲ್ಲಿ ಒಂದು ಕಾರ್ಯವಿತ್ತು, ಮರೆತೆ. ಮರುದಿನ ಬೆಳಿಗ್ಗೆ ನೋಡಿದಾಗ ಬಲೆಯ ಮಡಿಕೆಯಲ್ಲಿ ರೆಕ್ಕೆ ಸಿಕ್ಕಿಕೊಂಡು ಒಂದು ಪಿಕಳಾರ ಸತ್ತು ತೂಗುತ್ತಿತ್ತು. ಇಡೀ ಮಧ್ಯಾಹ್ನದ ಬಿಸಿಲಿನಲ್ಲಿ ಅದು ನೀರಿಲ್ಲದೆ ಒದ್ದಾಡಿರಬೇಕು. ಹತ್ತು ಹೆಜ್ಜೆಯ ಆಚೆಗಿದ್ದ ಲಿಂಬೆಯ ಪೊದೆಯಲ್ಲಿ ಅದರ ಗೂಡಿತ್ತೆಂಬುದು ಆಮೇಲೆ ತಿಳಿಯಿತು. ಗೂಡಿನಲ್ಲಿ ಎರಡು ಮರಿಗಳು. ಈ ಹಕ್ಕಿಗಳಲ್ಲಿ ತಾಯಿ ತಂದೆ ಇಬ್ಬರೂ ಮರಿಗಳಿಗೆ ಗುಟುಕು ಕೊಡುತ್ತವೆ. ಉಳಿದ ಒಂಟಿ ಹಕ್ಕಿ ಹಗಲೆಲ್ಲ ಹಾರಾಡಿ ತುತ್ತು ತಂದಿತು. ಎರಡು ಮರಿಗಳಲ್ಲಿ ಒಂದು ಉಳಿಯಿತು.

ಅವ್ವ ನನ್ನನ್ನು ಬೈಯಲಿಲ್ಲ. ಆ ದಿನ ಅವಳು ಉಪವಾಸವಿದ್ದಳು, ಅಷ್ಟೇ.

ಕೊಲ್ಲುವ ಮನಸ್ಸಿಲ್ಲದಿದ್ದರೆ ಹಿಂಸೆಯಿಲ್ಲವೇ?

ನಾನು ನನಗೇ ಹೇಳಿಕೊಂಡ ಮೊದಲ ಸಮಾಧಾನ, ನನಗೆ ಕೊಲ್ಲುವ ಮನಸ್ಸಿರಲಿಲ್ಲ ಎಂಬುದು. ಆದರೆ ಜಿನಾಗಮ ಈ ಸಮಾಧಾನವನ್ನು ಸುಲಭವಾಗಿ ಒಪ್ಪುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ಪ್ರಮಾದದಿಂದ ಕೂಡಿದ ಮನಸ್ಸು, ಮಾತು, ಕಾಯಗಳ ಪ್ರವೃತ್ತಿಯನ್ನು ಅದರ ಕಾರಣವಾಗಿ ಮುಂದಿಡುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ, ಕಷಾಯಕ್ಕೆ ಒಳಗಾದ ಮನಸ್ಸಿನ ಅಜಾಗರೂಕತೆ. ನೆಲ ನೋಡಿಕೊಂಡು ನಡೆಯುವ ಮುನಿಯ ಪಾದದಡಿಗೆ ಅರಿವಿಲ್ಲದೆ ಒಂದು ಸೂಕ್ಷ್ಮ ಜೀವಿ ಬಂದು ಸತ್ತರೂ ಅವರಿಗೆ ಹಿಂಸೆಯ ಬಂಧವಿಲ್ಲ; ಎಚ್ಚರವಿಲ್ಲದೆ ನಡೆಯುವವನ ಕಾಲಿಗೆ ಯಾವ ಜೀವಿಯೂ ಸಿಗದಿದ್ದರೂ ಅವನು ಹಿಂಸಕನೇ ಎಂಬುದು ಆಚಾರ್ಯರ ವಿವೇಚನೆ. ಹೀಗೆ ನೋಡಿದರೆ, ಹಣ್ಣಿನ ಮೇಲಿನ ಲೋಭದಿಂದ ಬಲೆ ಕಟ್ಟಿ, ಆಲಸ್ಯದಿಂದ ಅದನ್ನು ಮರೆತ ಹೊತ್ತಿಗೇ ನನ್ನ ಹಿಂಸೆ ಆರಂಭವಾಗಿತ್ತು. ಹಕ್ಕಿ ಸಿಕ್ಕಿದ್ದು ಆಮೇಲೆ.

ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ಜೈನಧರ್ಮ ಮರೆಮಾಚುವುದಿಲ್ಲ. ಆದ್ದರಿಂದಲೇ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ ತಿಳಿಸುವ ಪರಿಪಾಠವಿದೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ ಮೊದಲಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ ಹಿಂಸೆ. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಕೊನೆಯದನ್ನು ಶ್ರಾವಕನು ಸಂಪೂರ್ಣವಾಗಿ ಬಿಡಬೇಕು. ಮೊದಲ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕು. ಅಗೆದರೆ ಎರೆಹುಳು ನೋಯುತ್ತದೆ, ನೀರು ಬಿಟ್ಟರೆ ಇರುವೆಯ ಗೂಡು ಮುಳುಗುತ್ತದೆ. ಎರೆಹುಳು ಎರಡು ಇಂದ್ರಿಯಗಳ ಜೀವ, ಇರುವೆ ಮೂರು, ದುಂಬಿ ನಾಲ್ಕು, ಅಳಿಲು ಮತ್ತು ಹಕ್ಕಿ ಐದು. ನಾವು ಕೊಯ್ಯುವ ಬದನೆಯ ಗಿಡವೂ ಒಂದೇ ಇಂದ್ರಿಯದ ಜೀವವೇ. ಒಂದು ಮಡಿಯ ಬಳಿ ಕುಳಿತರೆ ಜೀವಕಾಂಡದ ಇಡೀ ಶ್ರೇಣಿಯೇ ಕಣ್ಣೆದುರಿಗೆ ಬರುತ್ತದೆ. ಇಷ್ಟು ಜೀವಗಳ ನಡುವೆ ಕೈ ಆಡಿಸುವವನಿಗೆ ಎಚ್ಚರವೇ ಮೊದಲ ವ್ರತ.

ಆರು ಜನ, ಒಂದು ಮರ

ಕ್ರಿ.ಶ. 10ನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಗಳನ್ನು ವಿವರಿಸುತ್ತ ಒಂದು ಮರದ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕಾಡಿನಲ್ಲಿ ದಾರಿ ತಪ್ಪಿ ಹಸಿದ ಆರು ಜನ ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಜನಜನಿತ ಕಥನಗಳಲ್ಲಿ ಅದು ಜಂಬೂವೃಕ್ಷ, ಎಂದರೆ ನಮ್ಮ ನೇರಳೆ. ಒಬ್ಬನು ಮರವನ್ನು ಬೇರುಸಹಿತ ಕೀಳೋಣವೆಂದು ಯೋಚಿಸುತ್ತಾನೆ. ಎರಡನೆಯವನು ಕಾಂಡವನ್ನು ಕಡಿದರೆ ಸಾಕು ಎನ್ನುತ್ತಾನೆ. ಮೂರನೆಯವನಿಗೆ ದೊಡ್ಡ ಕೊಂಬೆ, ನಾಲ್ಕನೆಯವನಿಗೆ ಸಣ್ಣ ರೆಂಬೆ ಸಾಕು. ಐದನೆಯವನು ಹಣ್ಣನ್ನಷ್ಟೇ ಕೀಳೋಣವೆನ್ನುತ್ತಾನೆ. ಆರನೆಯವನು ನೆಲಕ್ಕೆ ಉದುರಿದ ಹಣ್ಣೇ ನಮ್ಮ ಹಸಿವಿಗೆ ಸಾಕಲ್ಲವೇ ಎನ್ನುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳು ಈ ಆರು ಜನರ ಮನಸ್ಸಿನ ಬಣ್ಣಗಳು. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲಿನ ಪ್ರಸಿದ್ಧ ವರ್ಣಚಿತ್ರಗಳಲ್ಲಿ ಈ ಮರವೂ ಇದೆ. ಅಲ್ಲಿಗೆ ಹೋದವರು ಒಂದು ಕ್ಷಣ ಅದರೆದುರು ನಿಂತು ನೋಡಬೇಕು.

ಈ ದೃಷ್ಟಾಂತವನ್ನು ಬಾಲ್ಯದಿಂದ ಕೇಳಿದ್ದ ನಾನು ನನ್ನನ್ನು ಐದನೆಯವನೆಂದೇ ಎಣಿಸಿಕೊಂಡಿದ್ದೆ. ಮರ ಕಡಿದವನಲ್ಲ, ಕೊಂಬೆ ಮುರಿದವನಲ್ಲ, ಹಣ್ಣನ್ನಷ್ಟೇ ಬಿಡಿಸಿಕೊಂಡವನು. ಆದರೆ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆರೂ ಜನರ ಹಸಿವು ಒಂದೇ, ಮರವೂ ಒಂದೇ. ಯಾರೊಬ್ಬರೂ ಇನ್ನೂ ಮರವನ್ನು ಮುಟ್ಟಿಲ್ಲ. ಯೋಚಿಸಿ ಮಾತಾಡಿದ್ದಾರೆ, ಅಷ್ಟೇ. ಆ ಯೋಚನೆಯಲ್ಲಿಯೇ ಬಣ್ಣ ಬಯಲಾಗುತ್ತದೆ. ಹತ್ತು ಹಣ್ಣು ಕುಕ್ಕಿದ ಹಕ್ಕಿಯ ಮೇಲೆ ನನಗೆ ಬಂದ ಸಿಟ್ಟು, ಗೊಂಚಲೆಲ್ಲವೂ ನನ್ನದೆಂಬ ಲೆಕ್ಕ, ಬಲೆ ಕಟ್ಟಿ ನಿಶ್ಚಿಂತನಾದ ಮೈಮರೆವು, ಇವುಗಳಲ್ಲಿ ಪದ್ಮದ ಬಣ್ಣ ಎಲ್ಲಿತ್ತು? ಲೇಶ್ಯೆ ಸ್ಥಿರವಲ್ಲ, ಪರಿಣಾಮಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದೇ ದಿನದಲ್ಲಿ ಒಬ್ಬನೇ ಮನುಷ್ಯ ಆ ಮರದ ಕೆಳಗೆ ಆರು ಜನರಾಗಿಯೂ ನಿಲ್ಲಬಲ್ಲ. ಅದೇ ಭಯದ ಮಾತು, ಅದೇ ಭರವಸೆಯ ಮಾತು ಕೂಡ.

ಬಾಯಿಕುಕ್ಕೆಯ ಕಥೆ

ಬೇಸಾಯವನ್ನು ಜಗತ್ತಿಗೆ ಕಲಿಸಿದವರು ಪ್ರಥಮ ತೀರ್ಥಂಕರ ಆದಿನಾಥರೆಂದು ಜೈನ ಪುರಾಣಗಳು ಹೇಳುತ್ತವೆ. ಕಲ್ಪವೃಕ್ಷಗಳು ಕ್ಷೀಣಿಸಿ ಜನ ಹಸಿವಿನಿಂದ ಕಂಗೆಟ್ಟಾಗ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ವೃತ್ತಿಗಳನ್ನು ಅವರು ತೋರಿಸಿಕೊಟ್ಟರು. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನಿಂದಾಗಿ ಕನ್ನಡಿಗರಿಗೆ ಈ ಚರಿತ್ರೆ ಮನೆಮಾತಾಗಿದೆ. ಇದೇ ಆದಿನಾಥರು ದೀಕ್ಷೆಯ ಬಳಿಕ ಆಹಾರಕ್ಕಾಗಿ ಹೊರಟಾಗ, ಮುನಿಗೆ ಆಹಾರದಾನ ಮಾಡುವ ವಿಧಿಯನ್ನು ಅರಿಯದ ಜನ ಆನೆ, ಕುದುರೆ, ಆಭರಣಗಳನ್ನು ತಂದೊಪ್ಪಿಸಿದರು, ಅನ್ನವನ್ನು ಕೊಟ್ಟವರಿಲ್ಲ. ಒಂದು ವರ್ಷಕ್ಕೂ ಮೀರಿ ನಿರಾಹಾರರಾಗಿದ್ದ ಅವರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಕಬ್ಬಿನ ರಸವನ್ನು ನೀಡಿದ ದಿನವೇ ವೈಶಾಖ ಶುಕ್ಲ ತೃತೀಯ, ನಾವು ಆಚರಿಸುವ ಅಕ್ಷಯ ತೃತೀಯ. ಬಿರುಬೇಸಿಗೆಯ ನಡುವೆ ಬರುವ ಈ ಹಬ್ಬ ಹಸಿದವರಿಗೆ ಕೊಟ್ಟದ್ದರ ನೆನಪಿನ ಹಬ್ಬ.

ಆದಿನಾಥರಿಗೆ ಅಷ್ಟು ಕಾಲ ಆಹಾರ ದೊರೆಯದಿರಲು ಕಾರಣವೇನೆಂದು ಹೇಳುವ ಒಂದು ಕಥೆ ಪರಂಪರೆಯಲ್ಲಿ ಪ್ರಚಲಿತವಾಗಿದೆ. ಕಣದಲ್ಲಿ ತುಳಿಯುವ ಎತ್ತುಗಳು ಕಾಳು ತಿನ್ನುತ್ತವೆಂದು ರೈತರು ದೂರಿದಾಗ, ಅವುಗಳ ಬಾಯಿಗೆ ಕುಕ್ಕೆ ಕಟ್ಟುವಂತೆ ಅವರು ಹೇಳಿದರಂತೆ. ಬೆಳೆಯ ನಡುವೆ ನಿಂತೂ ತಿನ್ನಲಾರದೆ ಆ ಮೂಕಜೀವಗಳು ನಿಟ್ಟುಸಿರಿಟ್ಟವು. ಆ ಅಂತರಾಯ ಕರ್ಮವೇ ಮುಂದೆ ಅವರ ಆಹಾರಕ್ಕೆ ಅಡ್ಡಬಂದಿತೆಂದು ಕಥೆ. ತೀರ್ಥಂಕರರಾಗಲಿರುವವರಿಗೂ ಕರ್ಮ ರಿಯಾಯಿತಿ ತೋರಲಿಲ್ಲ ಎಂಬುದು ಕಥೆಯ ಗಾಂಭೀರ್ಯ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಆಗಮ ಬಂಧನ, ಹೊಡೆತ, ಅಂಗಚ್ಛೇದ, ಅತಿಭಾರ ಹೇರುವುದು ಇವುಗಳ ಸಾಲಿನಲ್ಲಿಯೇ ಅನ್ನಪಾನ ನಿರೋಧವನ್ನೂ ಸೇರಿಸಿದೆ. ತಿನ್ನುವ ಬಾಯಿಗೆ ತಡೆಯೊಡ್ಡುವುದು, ಕುಡಿಯುವ ನೀರಿಗೆ ತಡೆಯೊಡ್ಡುವುದು ಹೊಡೆತಕ್ಕೆ ಸಮಾನವಾದ ದೋಷ.

ನಾನು ಚಪ್ಪರಕ್ಕೆ ಕಟ್ಟಿದ ಬಲೆ ಆ ಹಕ್ಕಿಯ ಬಾಯಿಗೆ ಕಟ್ಟಿದ ಕುಕ್ಕೆಯಾಗಿತ್ತು.

ಹೆಚ್ಚಿನದು ಎಲ್ಲಿಂದ ಬಂತು?

ಹಿತ್ತಲಿನ ಫಲವನ್ನು ಎಣಿಸುವಾಗ ನಾವು ನಮ್ಮ ನೀರು, ನಮ್ಮ ಗೊಬ್ಬರ, ನಮ್ಮ ದುಡಿಮೆಗಳನ್ನು ಎಣಿಸುತ್ತೇವೆ. ಸವತಿ, ಹೀರೆಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಒಂದರಿಂದ ಇನ್ನೊಂದಕ್ಕೆ ಪರಾಗ ಸಾಗದಿದ್ದರೆ ಕಾಯಿ ಕಟ್ಟುವುದಿಲ್ಲ. ಬೆಳಿಗ್ಗೆ ಅರಳುವ ಸವತಿಯ ಹೂವಿಗೆ ಜೇನುನೊಣ ಬರುತ್ತದೆ. ಇಳಿಹೊತ್ತಿನಲ್ಲಿ ಅರಳುವ ಹೀರೆಯ ಹೂವಿಗೆ ಸಂಜೆಯ ಕೀಟಗಳು ಬರುತ್ತವೆ. ಬೇಲಿಯಂಚಿನ ನೇರಳೆಯನ್ನು ನಮ್ಮ ಮನೆಯಲ್ಲಿ ಯಾರೂ ನೆಟ್ಟಿಲ್ಲ. ಯಾವುದೋ ಹಕ್ಕಿ ಬೀಜ ಹಾಕಿದ ಮರವೆಂದು ಅಜ್ಜ ಹೇಳುತ್ತಿದ್ದರು. ಇಲಿಯನ್ನು ಹಿಡಿಯುವ ಕೇರೆಹಾವು, ಹುಳುಗಳನ್ನು ಆರಿಸುವ ಗೊರವಂಕ, ರಾತ್ರಿ ಕಾವಲಿನ ಗೂಬೆ, ಇವೆಲ್ಲ ಸಂಬಳವಿಲ್ಲದ ಆಳುಗಳು. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ತತ್ತ್ವಾರ್ಥಸೂತ್ರ ಹೇಳುವುದು ಭಾವುಕತೆಯಿಂದಲ್ಲ, ವಸ್ತುಸ್ಥಿತಿಯ ನಿರೂಪಣೆಯಾಗಿ. ಈ ಉಪಕಾರಿಗಳಿಗೆ ಸಲ್ಲಬೇಕಾದ ಪಾಲನ್ನು ಬಿಡುವುದು ದಾನಕ್ಕಿಂತ ಮೊದಲು ಋಣ ತೀರಿಸುವ ಕೆಲಸ.

ಮುನಿಗಳ ಆಹಾರಚರ್ಯೆಗೆ ಭ್ರಾಮರೀ ವೃತ್ತಿ ಎಂಬ ಹೆಸರಿದೆ. ದುಂಬಿ ಹೂವಿಗೆ ನೋವಾಗದಂತೆ ಮಕರಂದವನ್ನು ಹೀರುವಂತೆ, ಕೊಡುವವರಿಗೆ ಹೊರೆಯಾಗದಂತೆ ಸ್ವೀಕರಿಸುವುದು ಅದರ ತತ್ತ್ವ. ದಿಗಂಬರ ಮುನಿಗಳು ಹಿಡಿಯುವ ಪಿಂಛಿಯೂ ನವಿಲು ತಾನಾಗಿ ಉದುರಿಸಿದ ಗರಿಗಳದು. ಮಳೆಗಾಲದ ಕೊನೆಗೆ ಹೊಳೆದಂಡೆಯ ಹೊಲಗಳಲ್ಲಿ ಬಿದ್ದು ಸಿಗುವ ಅಂತಹ ಗರಿಗಳಿಂದ ಕಟ್ಟಿದ ಪಿಂಛಿ, ಕುಳಿತುಕೊಳ್ಳುವ ಮುನ್ನ ಇರುವೆಯನ್ನೂ ನೋಯಿಸದೆ ಸರಿಸುತ್ತದೆ. ಉದುರಿದ ಹಣ್ಣನ್ನು ಆರಿಸಿಕೊಂಡ ಆರನೆಯವನ ದಾರಿ ಇದೇ.

ಈ ಬೇಸಿಗೆಯ ಹಿತ್ತಲು

ಆ ಘಟನೆಯ ಬಳಿಕ ನಮ್ಮ ಹಿತ್ತಲಿನಲ್ಲಿ ಕೆಲವು ನೇಮಗಳು ಬಂದವು. ಬಲೆಯನ್ನು ತೆಗೆದೆವು. ಮನೆಗೆ ಬೇಕಾದಷ್ಟು ದ್ರಾಕ್ಷಿ ಗೊಂಚಲುಗಳಿಗೆ ಹಳೆಯ ಸೀರೆಯ ಬಟ್ಟೆಯಿಂದ ಹೊಲಿದ ಚೀಲ ಕಟ್ಟುತ್ತೇವೆ, ಉಳಿದವನ್ನು ಬಿಟ್ಟುಬಿಡುತ್ತೇವೆ. ಹಣ್ಣುನೊಣ ಮೊಟ್ಟೆಯಿಡದಂತೆ ಕೈಗೆಟುಕುವ ಮಾವಿನ ಕಾಯಿಗಳಿಗೂ ಕಾಗದದ ಚೀಲ. ನೊಣವನ್ನು ಕೊಲ್ಲಬೇಕಿಲ್ಲ, ಹುಳುಬಿದ್ದ ಹಣ್ಣನ್ನು ಕೊಯ್ದು ನೋಯಿಸಬೇಕಿಲ್ಲ. ಮಾವು, ಚಿಕ್ಕುಗಳಲ್ಲಿ ನೆಲದಿಂದ ಕೈಗೆ ಸಿಗುವುದು ಮನೆಯವರ ಪಾಲು, ತುದಿಯದು ಗಿಳಿ, ಅಳಿಲು, ಬಾವಲಿಗಳ ಪಾಲು. ನೇರಳೆಯ ಹಣ್ಣನ್ನಂತೂ ಕೀಳುವುದೇ ಇಲ್ಲ. ಬುಡದಲ್ಲಿ ಹಾಸಿದ ಬಟ್ಟೆಯ ಮೇಲೆ ಬಿದ್ದಷ್ಟೇ ನಮ್ಮದು.

ನೀರಿನ ವಿಷಯದಲ್ಲಿ ಅವ್ವ ಹೆಚ್ಚು ಕಟ್ಟುನಿಟ್ಟು. ನೆರಳಿರುವೆಡೆ ಎರಡು ಮಣ್ಣಿನ ಅಗಲ ಪಾತ್ರೆಗಳು. ಜೇನುನೊಣ ಮುಳುಗದಂತೆ ನಡುವೆ ಒಂದೊಂದು ಕಲ್ಲು. ಸೋಸಿದ ನೀರನ್ನೇ ಹಾಕಬೇಕು, ದಿನವೂ ಬದಲಿಸಬೇಕು. ನಾಲ್ಕಾರು ದಿನ ಬಿಟ್ಟರೆ ಅದರಲ್ಲಿ ಸೊಳ್ಳೆಯ ಮರಿಗಳಾಗುತ್ತವೆ; ಆಮೇಲೆ ಚೆಲ್ಲಿದರೂ ಹಿಂಸೆ, ಬಿಟ್ಟರೂ ತೊಂದರೆ. ಜೀವ ಹುಟ್ಟಿ ಸಾಯುವ ಸಂದರ್ಭವನ್ನೇ ತಪ್ಪಿಸುವುದು ಯತ್ನಾಚಾರದ ಜಾಣ್ಮೆ. ನೀರನ್ನು ಸೋಸಿದ ಬಟ್ಟೆಯನ್ನು ತೊಳೆದು ಆ ನೀರನ್ನು ಬಾವಿಗೇ ಮರಳಿಸುವ ಜೈನ ಮನೆಗಳ ಹಳೆಯ ರೂಢಿಯ ಹಿಂದಿರುವುದೂ ಇದೇ ಎಚ್ಚರ.

ಒಣಗಿದ ಎಲೆಗಳಿಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿದ್ದೇವೆ. ಪ್ರಯೋಜನವಿಲ್ಲದೆ ಮಣ್ಣನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕತ್ತರಿಸುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಶ್ರಾವಕಾಚಾರ ಎಚ್ಚರಿಸುತ್ತದೆ. ವಿಜಯಪುರದಲ್ಲಿ ಸಹಸ್ರಫಣಿ ಪಾರ್ಶ್ವನಾಥನ ದರ್ಶನ ಪಡೆದವರಿಗೆ ಆ ಹೆಡೆಗಳ ಹಿಂದಿನ ಕಥೆ ತಿಳಿದಿದೆ: ತಾಪಸನೊಬ್ಬ ಉರಿಸುತ್ತಿದ್ದ ಕೊರಡಿನೊಳಗೆ ಹಾವುಗಳಿರುವುದನ್ನು ರಾಜಕುಮಾರ ಪಾರ್ಶ್ವ ಕಂಡುಹಿಡಿದದ್ದು, ಅವು ಧರಣೇಂದ್ರ, ಪದ್ಮಾವತಿಯರಾಗಿ ಹುಟ್ಟಿದ್ದು. ಉರಿಸುವವನಿಗೆ ಕೊರಡಷ್ಟೇ ಕಂಡಿತ್ತು. ಪಾರ್ಶ್ವನಿಗೆ ಅದರೊಳಗಿನ ಜೀವ ಕಂಡಿತು. ನಮ್ಮ ಹಿತ್ತಲಿನ ಎಲೆಯ ರಾಶಿಯಲ್ಲಿಯೂ ಹಲ್ಲಿ, ಚೇಳು, ಜೀರುಂಡೆಗಳ ಸಂಸಾರವಿರುತ್ತದೆ. ಈಗ ಆ ಎಲೆಗಳನ್ನು ಗಿಡದ ಬುಡಕ್ಕೆ ಹೊದಿಸುತ್ತೇವೆ. ಮಣ್ಣಿನ ತೇವ ಉಳಿದು ನೀರಿನ ಖರ್ಚೂ ತಗ್ಗಿದೆ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಮನೆಯ ಹಿತ್ತಲಿನವನಿಗೆ ಸಾಧ್ಯವಾದದ್ದು ಸಾಲ ಮಾಡಿ ಎಕರೆಗಟ್ಟಲೆ ದ್ರಾಕ್ಷಿ, ದಾಳಿಂಬೆ ಬೆಳೆಯುವವನಿಗೆ ಅಷ್ಟೇ ಸುಲಭವಲ್ಲ. ಇಂಡಿ, ಸಿಂದಗಿಗಳ ಲಿಂಬೆ ಬೆಳೆಗಾರನ ಮನೆಯ ಮದುವೆ, ಮಕ್ಕಳ ಓದು ಆ ಬೆಳೆಯನ್ನೇ ನಂಬಿಕೊಂಡಿರುತ್ತವೆ. ಹಂದಿ ನುಗ್ಗಿ ಒಂದೇ ರಾತ್ರಿಯಲ್ಲಿ ಬೆಳೆ ಹಾಳಾದವನಿಗೆ ಉಪದೇಶ ಮಾಡುವ ಅಧಿಕಾರ ಹತ್ತು ಗೊಂಚಲು ಕಳೆದುಕೊಂಡ ನನಗಿಲ್ಲ. ಅಣುವ್ರತವೆಂಬ ಹೆಸರಿನಲ್ಲಿಯೇ ಶಕ್ತಿಗೆ ತಕ್ಕ ಪಾಲನೆಯೆಂಬ ಅರ್ಥವಿದೆ. ಆದರೆ ವಿಷ ಬೆರೆಸಿದ ಹಣ್ಣು, ಸಿಡಿಮದ್ದಿನ ಉಂಡೆ, ವಿದ್ಯುತ್ ಹರಿಸಿದ ತಂತಿಗಳಿಗೂ ಕಾವಲಿನ ಕೂಗಿಗೂ ನಡುವೆ ಬಹಳ ದಾರಿಗಳಿವೆ. ಆ ದಾರಿಗಳಲ್ಲಿ ಯಾವುದನ್ನು ಆರಿಸುತ್ತೇವೆ ಎಂಬಲ್ಲಿಯೇ ಲೇಶ್ಯೆಯ ಬಣ್ಣ ನಿರ್ಧಾರವಾಗುತ್ತದೆ. ಹಿತ್ತಲಿರುವ ನಮ್ಮಂಥವರಿಗೆ ಆಯ್ಕೆ ಇನ್ನೂ ಸುಲಭ. ಆದ್ದರಿಂದ ಹೊಣೆ ಇನ್ನೂ ಹೆಚ್ಚು.

ಈ ಸಲದ ಬೇಸಿಗೆಯಲ್ಲಿ ದ್ರಾಕ್ಷಿ ಕಡಿಮೆ ಬಂದಿತು. ಚೀಲ ಕಟ್ಟಿದ ಗೊಂಚಲುಗಳಲ್ಲಿ ಮನೆಗೆ ಸಾಲುವಷ್ಟು ಸಿಕ್ಕಿತು. ಬಿಟ್ಟ ಗೊಂಚಲುಗಳಲ್ಲಿ ತೊಟ್ಟಿನ ಹೊರತು ಏನೂ ಉಳಿಯಲಿಲ್ಲ. ಲಿಂಬೆಯ ಪೊದೆಯಲ್ಲಿ ಮತ್ತೆ ಒಂದು ಗೂಡಿದೆ. ಅದು ಅಂದು ಉಳಿದ ಮರಿಯದೋ ಬೇರೆ ಹಕ್ಕಿಯದೋ ಹೇಳಬಲ್ಲವರಿಲ್ಲ. ಅವ್ವ ದಿನವೂ ಸಂಜೆ ದೀಪ ಹಚ್ಚುವ ಮುನ್ನ ಹಿತ್ತಲನ್ನು ಒಂದು ಸುತ್ತು ನೋಡಿಬರುತ್ತಾಳೆ. ಬಲೆ ಇಲ್ಲದಿದ್ದರೂ ನೋಡುತ್ತಾಳೆ. ಈಗ ನಾನೂ ಅವಳ ಹಿಂದೆ ಹೋಗುತ್ತೇನೆ.